ಸೊಸೆಯರು ಹೆಸರೆತ್ತದ ಹೊಳೆ

ಮಗಳ ಮನೆಯಲ್ಲಿ ನನ್ನ ಮೇಲಿರುವ ದೂರು ಒಂದೇ. ನೀರು ಕುಡಿಯುವ ಮುಂಚೆ ಲೋಟದಿಂದ ಒಂದು ಗುಟುಕಿನಷ್ಟು ನೆಲಕ್ಕೆ ಚೆಲ್ಲುತ್ತೇನಂತೆ. ಬೇಕೆಂದು ಚೆಲ್ಲುವುದಲ್ಲ, ಕೈ ತಾನೇ ಬಗ್ಗುತ್ತದೆ. ಬೈಲಹೊಂಗಲದ ಈ ಮನೆಗೆ ಬಿಳಿ ಟೈಲ್ಸ್ ಹಾಕಿಸಿದ್ದಾರೆ. ಅಳಿಯ ಒಮ್ಮೆ ಆ ನೀರಿನ ಮೇಲೆ ಕಾಲಿಟ್ಟು ಜಾರಿದರು. ಬೀಳಲಿಲ್ಲ, ಆದರೆ ಬಿದ್ದವರಿಗಿಂತ ಹೆಚ್ಚು ಮಾತಾಡಿದರು. ಅಂದಿನಿಂದ ಮಗಳು ಮಂಜುಳಾ ನನ್ನ ಕುರ್ಚಿಯ ಕೆಳಗೆ ಒಂದು ಗೋಣಿತಟ್ಟು ಹಾಸಿಟ್ಟಿದ್ದಾಳೆ. ಮನೆಗೆ ಬಂದವರು ಅದನ್ನು ನೋಡಿ, ಇವರ ಮನೆಯಲ್ಲಿ ನಾಯಿ ಸಾಕಿದ್ದಾರೆಂದು ತಿಳಿಯುತ್ತಾರೆ.

ನಾನು ವಾದ ಮಾಡುವುದಿಲ್ಲ. ವಾದಕ್ಕೆ ಉಸಿರು ಬೇಕು, ನನ್ನ ಉಸಿರು ಈಗ ಮೆಟ್ಟಿಲು ಹತ್ತುವುದಕ್ಕೇ ಸಾಲುವುದಿಲ್ಲ. ಆದರೆ ಒಳಗೊಳಗೇ ನಗು ಬರುತ್ತದೆ. ಈ ಚಟ ನನಗೆ ಅಂಟಿದ್ದು ಒಂದು ಹೊಳೆಯಿಂದ. ಆ ಹೊಳೆಯನ್ನು ಒಂದು ವರ್ಷ ಎಲ್ಲರಿಗಿಂತ ಮೊದಲು ಊರಿಗೆ ಕರೆದವಳು ಇದೇ ಮಂಜಿ. ಆಗ ಅವಳಿಗೆ ಮೂರು ವರ್ಷವೂ ತುಂಬಿರಲಿಲ್ಲ. ಅವಳಿಗೆ ನೆನಪಿಲ್ಲ. ನೆನಪಿಟ್ಟುಕೊಳ್ಳುವ ಕೆಲಸವೂ ಮನೆಯ ಉಳಿದ ಕೆಲಸಗಳ ಹಾಗೆ ನನ್ನ ಪಾಲಿಗೇ ಬಂತು.

ನಾನು ಕಿತ್ತೂರಿನಲ್ಲಿ ಹುಟ್ಟಿದವಳು. ಮುಲ್ಕಿ ಪರೀಕ್ಷೆ ಪಾಸಾಗಿದ್ದೆ. ಬೇಡರ ಓಣಿಯಲ್ಲಿ ಏಳನೆಯ ಇಯತ್ತೆ ಮುಗಿಸಿದ ಹುಡುಗಿ ಎಂದರೆ ಆಗ ಸಣ್ಣ ಸುದ್ದಿಯಲ್ಲ. ಅಪ್ಪ ನನ್ನನ್ನು ನೌಕರಿಗೆ ಕಳಿಸುತ್ತಾನೆಂದು ನಾನು ತಿಳಿದಿದ್ದೆ, ಅಪ್ಪ ಗಂಡನ ಮನೆಗೆ ಕಳಿಸಿದ. ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ಕಟಕೋಳ ದಾಟಿ, ಗುಡ್ಡದ ಮಗ್ಗುಲಿಗೆ ಬಸ್ಸು ಬಿಟ್ಟು ನಡೆದು ಹೋಗಬೇಕಾದ ಊರು. ಕಿತ್ತೂರಿನಲ್ಲಿ ಹೈವೇ ಲಾರಿಗಳ ಸದ್ದಿಗೆ ಮಲಗಿ ರೂಢಿಯಾದವಳಿಗೆ ಅಲ್ಲಿ ಮೊದಮೊದಲು ನಿದ್ದೆಯೇ ಬರಲಿಲ್ಲ. ಆಮೇಲೆ ಎಷ್ಟು ದಣಿಯತೊಡಗಿದೆನೆಂದರೆ ಸದ್ದಿದ್ದರೂ ಇಲ್ಲದಿದ್ದರೂ ಒಂದೇ ಆಯಿತು.

ದಣಿವಿಗೆ ಕಾರಣ ನೀರು. ಊರ ಬಾವಿಯ ನೀರು ಸವಳು, ಬಟ್ಟೆ ಒಗೆಯಲಿಕ್ಕೂ ನೊರೆ ಏಳುತ್ತಿರಲಿಲ್ಲ. ಕುಡಿಯುವ ನೀರೆಂದರೆ ಗುಡ್ಡದಿಂದ ಇಳಿದು ನಮ್ಮ ಓಣಿಯ ಕೆಳಗೆ ಹಾದು, ಮುಂದೆ ಎಲ್ಲೋ ಮಲಪ್ರಭೆಯನ್ನು ಸೇರುವ ಹೊಳೆ. ಊರಿನ ಉಳಿದ ಮಂದಿ ಅದನ್ನು ಹಳ್ಳ ಎನ್ನುತ್ತಿದ್ದರು. ಅವರಿಗೆ ಬೇರೆ ಹೆಸರಿನ ಜರೂರಿರಲಿಲ್ಲ. ನಮ್ಮ ಅತ್ತೆಯ ಮುಂದೆ ಯಾರಾದರೂ ಹಳ್ಳ ಎಂದರೆ ಮಾತ್ರ ಆಕೆ ಕೈಯಲ್ಲಿದ್ದದ್ದನ್ನು ಕೆಳಗಿಟ್ಟು, ಅದು ಹೊಳಿ ಎಂದು ತಿದ್ದುತ್ತಿದ್ದಳು. ಹಾಗೆ ನೋಡಿದರೆ ಸುಗ್ಗಿ ಮುಗಿಯುವ ಹೊತ್ತಿಗೆ ಅದು ಹೊಳೆಯೂ ಅಲ್ಲ, ಹಳ್ಳವೂ ಅಲ್ಲ, ಬರೀ ಉಸುಕು. ಆ ಉಸುಕಿನಲ್ಲಿ ವರತಿ ತೋಡಿ, ತೋಡಿದ ತಗ್ಗಿನಲ್ಲಿ ನೀರು ಜಿನುಗುವುದನ್ನೇ ಕಾಯುತ್ತ ಕೂತು, ಬಟ್ಟಲಿನಿಂದ ಮೊಗೆದು ಕೊಡ ತುಂಬಬೇಕು. ನನ್ನ ಹರೆಯದ ಬೇಸಿಗೆಗಳೆಲ್ಲ ಆ ತಗ್ಗುಗಳ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕಳೆದವು. ಈಗ ಡಾಕ್ಟರು ಮೊಣಕಾಲು ಯಾಕೆ ಸವೆದಿದೆ ಎಂದು ಕೇಳುತ್ತಾರೆ.

ಮದುವೆಯಾಗಿ ಹೋದ ಹೊಸತರಲ್ಲಿ, ಈ ಹೊಳೆಗೆ ಏನಂತಾರ್ರಿ ಅತ್ತೀ ಎಂದು ಕೇಳಿದ್ದೆ. ಆಕೆ ದೊಡ್ಡಾಕಿ ಎಂದಳು. ಹೆಸರು ದೊಡ್ಡಾಕಿಯೇ ಎಂದು ಮತ್ತೆ ಕೇಳಿದರೆ ನನ್ನ ಬಾಯಿಯ ಮೇಲೆ ಅಂಗೈ ಇಟ್ಟಳು. ಹಿಟ್ಟಿನ ಕೈ, ಮೂಗಿನವರೆಗೂ ಜೋಳದ ಹಿಟ್ಟಾಯಿತು.

ಸಂಗತಿ ಇಷ್ಟೇ. ಆ ಹೊಳೆಗೆ ಇದ್ದದ್ದು ನಮ್ಮ ಮನೆತನದ ಮೂಲದ ಹೆಣ್ಣುಮಗಳ ಹೆಸರು. ಊರು ಕಟ್ಟುವ ಮುಂಚೆ, ಅಲ್ಲೆಲ್ಲ ಕಾಡಿದ್ದಾಗ, ಆಕೆ ನಾಯಿಗಳ ಸಂಗಡ ಬೇಟೆಗೆ ಬಂದವಳಂತೆ. ನಾಯಿಗಳು ನೀರಡಿಸಿ ಉಸುಕು ಕೆರೆದವು, ಆಕೆಯೂ ಅವುಗಳ ಜೊತೆ ಕೂತು ಕೈಯಿಂದ ತೋಡಿದಳು. ಮೊದಲ ವರತಿ ಅದೇ. ನಾಯಿಗಳು ಕುಡಿದು ಅಲ್ಲೇ ಮಲಗಿದವು, ಏಳಲೊಲ್ಲವು, ಅದಕ್ಕೇ ಆಕೆಯೂ ಅಲ್ಲೇ ನಿಂತಳು. ಉಳಿದವರ ಊರುಗಳನ್ನು ರಾಜರೋ ಋಷಿಗಳೋ ಕಟ್ಟಿರುತ್ತಾರೆ, ನಮ್ಮದು ನಾಯಿಗಳ ಸೋಮಾರಿತನದಿಂದ ಆದದ್ದು. ಒಮ್ಮೆ ಕಟಕೋಳದ ಮಾಸ್ತರರೊಬ್ಬರು ಬಂದು, ಈ ಹೊಳೆಯ ಹೆಸರು ಯಾವುದೋ ಸಂಸ್ಕೃತ ಶಬ್ದದಿಂದ ಬಂದದ್ದೆಂದು ಬಹಳ ಹೊತ್ತು ವಿವರಿಸಿದರು. ಅತ್ತೆ ಪೂರ್ತಿ ಕೇಳಿಸಿಕೊಂಡು, ಆಕಿಗೆ ಅದೆಲ್ಲ ಎಲ್ಲಿ ಬರತಿತ್ರಿ ಮಾಸ್ತರ, ನಾಯಿ ಕರಿಯೂದೊಂದು ಬರತಿತ್ತು ಎಂದು ಅವರಿಗೆ ಚಹಾ ಕೊಟ್ಟು ಕಳಿಸಿದಳು.

ಮನೆತನಕ್ಕೇ ಹಿರಿಯಳಾದ ಮೇಲೆ ಆ ಮೂಲದ ಹೆಣ್ಣುಮಗಳು ಎಲ್ಲ ಸೊಸೆಯರಿಗೂ ಅತ್ತೆಯೇ. ಅತ್ತೆಯ ಹೆಸರನ್ನು ಸೊಸೆ ಹೇಳುವಂತಿಲ್ಲ. ಹೀಗಾಗಿ ನಮ್ಮ ಓಣಿಯಲ್ಲಿ ನೀರು ಹೊರುವವರು ಯಾರೋ ಅವರೆಲ್ಲ ಸೊಸೆಯರು, ಅವರಾರೂ ನೀರಿನ ಹೆಸರು ಹೇಳುವವರಲ್ಲ. ಗಂಡನ ಹೆಸರಿಗಾದರೂ ಒಡಪು ಇದೆ. ಮದುವೆಯಲ್ಲಿ ನಾಲ್ಕು ಸಾಲು ಪ್ರಾಸ ಕಟ್ಟಿ, ಕೊನೆಗೆ ಹೆಸರು ಸೇರಿಸಿ, ಸೆರಗಿನಲ್ಲಿ ಮುಖ ಮುಚ್ಚಿಕೊಂಡರೆ ಮುಗಿಯಿತು. ಹೊಳೆಯ ಹೆಸರಿಗೆ ಒಡಪೂ ಇರಲಿಲ್ಲ.

ಹಾಗಾದರೆ ಹೇಳುವವರು ಯಾರು? ಗಂಡಸರು ಹೇಳಬಹುದು, ಆದರೆ ಅವರಿಗೆ ಅದರ ಗೊಡವೆ ಇರಲಿಲ್ಲ. ಹೇಳಲೇಬೇಕಾದವಳು ಮನೆಯ ಮಗಳು. ಮುಂಗಾರಿನ ಮೊದಲಿಗೆ ಮಿರಗದ ಮಳೆ ಗುಡ್ಡದ ಮೇಲೆ ಬಿದ್ದು ಹೊಸ ನೀರು ಇಳಿದು ಬಂದಾಗ ಯಾರೂ ಅದನ್ನು ಮುಟ್ಟುವಂತಿಲ್ಲ. ಮನೆಯಲ್ಲಿ ಹುಟ್ಟಿದ ಮಗಳು ಮೊಣಕಾಲಿನವರೆಗೆ ನೀರಿಗಿಳಿದು, ಹೆಸರು ಹಿಡಿದು ಕರೆದು, ಮೊದಲ ಬೊಗಸೆ ನೀರನ್ನು ಹೊಳೆಗೇ ತಿರುಗಿ ಬಿಡಬೇಕು. ಆಮೇಲೆಯೇ ಸೊಸೆಯರ ಕೊಡ ಮುಳುಗಬೇಕು. ಮಗಳೇ ಯಾಕೆ ಎಂದು ಕೇಳಿದ್ದಕ್ಕೆ ಅತ್ತೆ ಹೇಳಿದ್ದು, ಹೋದವರನ್ನ ಕರಿಯೂದು ಹೋಗಿ ಬಂದಾಕಿಗೇ ತಿಳಿತೈತಿ ಅಂತ. ನನಗೆ ಆಗ ಅದು ತಿಳಿಯಲಿಲ್ಲ. ನಾನು ಹೋದವಳಾಗಿದ್ದೆ, ಇನ್ನೂ ಹೊರಳಿ ಬಂದಿರಲಿಲ್ಲ.

ಆ ಮಗಳೆಂದರೆ ನಮ್ಮ ಮನೆಯವರ ಅಕ್ಕ, ಶಾಂತವ್ವ. ಉಗರಗೋಳಕ್ಕೆ ಕೊಟ್ಟಿದ್ದರು. ಎಲ್ಲಮ್ಮನ ಗುಡ್ಡಕ್ಕೆ ಬರುವ ಮಂದಿಗೆ ಭಂಡಾರ, ಬಳೆ, ಕಾಯಿ ಮಾರುವ ಅಂಗಡಿ ಅವರದು. ಹುಣ್ಣಿಮೆ ಬಂದರೆ ಗಿರಾಕಿ, ಹುಣ್ಣಿಮೆ ಮುಗಿದರೆ ಮುಂದಿನ ಹುಣ್ಣಿಮೆಯ ತಯಾರಿ. ಅಕ್ಕನ ಅತ್ತೆ ಆಕೆಯನ್ನು ಪಂಚಮಿಗೂ ತವರಿಗೆ ಕಳಿಸುತ್ತಿರಲಿಲ್ಲ. ಆದರೆ ಹೊಳೆ ಕರೆಯುವ ಮಗಳನ್ನು ತಡೆಯಲು ಆ ಅತ್ತೆಗೂ ಧೈರ್ಯವಿರಲಿಲ್ಲ. ಮಿರಗ ಹೂಡಿತೆಂದರೆ ಅಕ್ಕ ಗಂಟು ಕಟ್ಟುತ್ತಿದ್ದಳು. ವರ್ಷಕ್ಕೊಮ್ಮೆ ಆಕೆಗೆ ತವರು ಎಂದರೆ ಅದೇ. ಬಂದವಳು ಕರೆಯುತ್ತಿದ್ದ ರೀತಿಯೋ! ಹೊಲದಿಂದ ತಡವಾಗಿ ಬರುವ ತಾಯಿಯನ್ನು ಮಕ್ಕಳು ಕರೆಯುವುದಿಲ್ಲವೆ, ಅಷ್ಟು ಸಲಿಗೆ, ಅಷ್ಟು ಸಿಟ್ಟು. ಆ ಹೆಸರನ್ನು ನಾನು ಮೊದಲು ಕೇಳಿದ್ದು ಆಕೆಯ ಬಾಯಲ್ಲೇ. ಕೇಳಿ ಮೈ ಜುಮ್ಮೆಂದಿತ್ತು.

ಮಂಜಿ ಹುಟ್ಟಿದ ಮೇಲೆ ಹೊಳೆಗೆ ಸೇತುವೆ ಕಟ್ಟಿದರು. ಕಟ್ಟಿದ್ದು ಮುಗಿದಾಗ ಬೈಲಹೊಂಗಲದಿಂದ ಒಬ್ಬ ಪೇಂಟರ್ ಬಂದ, ಸೇತುವೆಯ ಕಟ್ಟೆಯ ಮೇಲೆ ಹೆಸರು ಬರೆಯಲಿಕ್ಕೆ. ಊರವರನ್ನು ಕೇಳಿ ಬರೆ ಎಂದು ಅವನಿಗೆ ಹೇಳಿ ಕಳಿಸಿದ್ದರಂತೆ. ಅವನು ಬಂದದ್ದು ರಾಮದುರ್ಗದ ಸಂತೆಯ ದಿನ, ಗಂಡಸರೆಲ್ಲ ಸಂತೆಗೆ ಹೋಗಿದ್ದರು. ಹೊಳೆಯಲ್ಲಿದ್ದವರು ನಾವು ಸೊಸೆಯರು. ಅವನು ಮರ್ಯಾದೆಯಿಂದಲೇ ಕೇಳಿದ. ನಾವು ಒಬ್ಬರ ಮುಖ ಒಬ್ಬರು ನೋಡಿ, ಸೆರಗು ಎಳೆದುಕೊಂಡು, ಎಲ್ಲರೂ ಒಂದೇ ಮಾತು ಹೇಳಿದೆವು. ಇಷ್ಟು ಜನ ಹೆಂಗಸರು ಒಂದೇ ಮಾತಿಗೆ ಒಪ್ಪಿದ್ದನ್ನು ಅವನು ಹಿಂದೆ ಕಂಡಿರಲಿಲ್ಲವೋ ಏನೋ, ಸಂಶಯವೇ ಪಡಲಿಲ್ಲ. ಕಪ್ಪು ಬಣ್ಣದಲ್ಲಿ ದುಂಡಗೆ ಬರೆದ: ದೊಡ್ಡಾಕಿ ಹಳ್ಳ. ಅಕ್ಷರ ಬಲ್ಲವಳು ನಾನಿದ್ದೆನಲ್ಲ, ಬರೆದು ತೋರಿಸಬಹುದಿತ್ತಲ್ಲ ಎನ್ನುತ್ತೀರಿ. ತೋಚಲಿಲ್ಲ. ಮದುವೆಯಾದ ಮೇಲೆ ನಾನು ಪೆನ್ಸಿಲ್ಲು ಹಿಡಿದೇ ಇರಲಿಲ್ಲ. ಅಕ್ಷರ ಬರುತ್ತದೆನ್ನುವುದನ್ನು ಊರು ಮರೆತಿತ್ತು, ನಾನೂ ಮರೆತಿದ್ದೆ.

ಅತ್ತೆಗೆ ಓದಲು ಬಾರದು, ಆದ್ದರಿಂದ ಆಕೆಗೆ ಆ ಬರಹದಿಂದ ತೊಂದರೆಯಾಗಲಿಲ್ಲ. ಬಸ್ಸಿನ ಕಂಡಕ್ಟರ್ ಮಾತ್ರ ಮರುದಿನದಿಂದಲೇ, ದೊಡ್ಡಾಕಿ ಹಳ್ಳ ಇಳಿಯವ್ರು ಇಳೀರಿ ಎಂದು ಕೂಗಲು ಶುರುಮಾಡಿದ. ಭರತ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ಹೋದ ನಮ್ಮ ಓಣಿಯವರು ಈ ಸುದ್ದಿಯನ್ನು ಪ್ರಸಾದದಂತೆ ಅಕ್ಕನ ಅಂಗಡಿಗೂ ಮುಟ್ಟಿಸಿದರು. ಅಕ್ಕ ತಿರುಗಿ ಹೇಳಿ ಕಳಿಸಿದ್ದು ಎರಡೇ ಮಾತು: “ಅವ್ವನ ಹೆಸರ ಅಳಿಸಿ ಕುಂತೀರಿ. ಅದನ್ನ ತಿದ್ದಿಸೂ ತನಕಾ ನಾ ಬರೂದಿಲ್ಲ, ಕರಿಯೂದಿಲ್ಲ.”

ನಮ್ಮ ಮನೆಯವರು ಓಡಾಡಿದರು. ಸೇತುವೆಯ ಗುತ್ತಿಗೆದಾರ ಕೆಲಸ ಮುಗಿಸಿ ಬೇರೆ ಕಡೆ ಹೋಗಿದ್ದ. ಪೇಂಟರ್ ಸಿಕ್ಕ, ಆದರೆ ಮೇಲಿನವರ ಹುಕುಮಿಲ್ಲದೆ ಸರಕಾರದ ಗೋಡೆ ಮುಟ್ಟುವುದಿಲ್ಲ ಎಂದ. ನೋಡನೋಡುತ್ತ ಮಿರಗ ಬಂತು. ಅಕ್ಕನ ಕಾಲು ಹಿಡಿದಾದರೂ ಕರೆದುಕೊಂಡು ಬರುತ್ತೇನೆಂದು ಇವರು ಉಗರಗೋಳಕ್ಕೆ ಹೊರಟರು. ಇವರು ಬಸ್ಸು ಹತ್ತಿದ ಮರುದಿನ ಮಧ್ಯಾಹ್ನ ಗುಡ್ಡದ ಮೇಲೆ ಮಳೆ ಹೊಡೆದು ಹೊಳೆ ಬಂದುಬಿಟ್ಟಿತು.

ಕೆಂಪು ನೀರು, ಕಸ ಕಡ್ಡಿ ಎಲ್ಲ ಹೊತ್ತುಕೊಂಡು, ಅವಸರವಿಲ್ಲದೆ ಬಂದು ನಮ್ಮ ವರತಿಗಳನ್ನು ಒಂದೊಂದಾಗಿ ಮುಚ್ಚಿತು. ಬೇರೆ ವರ್ಷ ಅದನ್ನು ನೋಡಿ ಕುಣಿಯುತ್ತಿದ್ದೆವು. ಈ ವರ್ಷ ಖಾಲಿ ಕೊಡ ಇಟ್ಟುಕೊಂಡು ದಂಡೆಯಲ್ಲಿ ಕೂತೆವು. ವರತಿ ಹೋಯಿತು, ಹೊಸ ನೀರು ಮುಟ್ಟುವಂತಿಲ್ಲ. ಆ ದಿನ ಮನೆಯಲ್ಲಿದ್ದ ತಳದ ನೀರಿನಲ್ಲೇ ತಳ್ಳಿದೆವು. ಮರುದಿನ ಬೆಳಿಗ್ಗೆ ಬಾವಿಯ ಸವಳು ನೀರು ಕುಡಿಸಿದರೆ ಮಂಜಿ ಉಗುಳಿ, ನೀರು ನೀರು ಎಂದು ಅಳತೊಡಗಿದಳು. ಅತ್ತೆ ದಾರಿ ನೋಡುತ್ತಿದ್ದಳು, ಬಸ್ಸು ಬಂತು, ಅದರಲ್ಲಿ ನಮ್ಮವರಿರಲಿಲ್ಲ. ಓಣಿಯ ಗಂಡಸರು ಹದ ತಪ್ಪಬಾರದೆಂದು ಬೆಳಗಾಗುವುದರೊಳಗೆ ಹೊಲಕ್ಕೆ ಹೋಗಿದ್ದರು. ನನಗೆ ಸಿಟ್ಟೂ ಬರಲಿಲ್ಲ. ಒಂದು ಹೆಸರಿಗಾಗಿ ಇಷ್ಟು ನೀರಿನ ಮುಂದೆ ನೀರಡಿಸಿ ಕೂತ ನಮ್ಮನ್ನು ನೋಡಿ ಬರೀ ಸುಸ್ತಾಯಿತು.

ಮಗು ಅತ್ತೆಯ ತೊಡೆಯ ಮೇಲೆ ಹೊರಳಾಡಿ ಅಳುತ್ತಿತ್ತು. ಅತ್ತೆ ಅದರ ಮುಖವನ್ನೇ ನೋಡಿ, “ರತ್ನಾ, ಇದೂ ಮನಿ ಮಗಳ ಅಲ್ಲೇನ?” ಎಂದಳು.

ಹೌದಲ್ಲ! ಎಲ್ಲರಿಗೂ ಜೀವ ಬಂತು. ಮಂಜಿಗೆ ಮುಖ ತೊಳೆದು (ಸವಳು ನೀರಿನಲ್ಲೇ), ಕುಂಕುಮ ಇಟ್ಟು, ನೀರಿನ ಅಂಚಿಗೆ ನಿಲ್ಲಿಸಿದೆವು. ಕರಿ, ಕರಿ ಎಂದೆವು. ಏನೆಂದು ಕರೆಯಬೇಕು ಎಂಬಂತೆ ಅದು ನಮ್ಮ ಕಡೆ ತಿರುಗಿ ನೋಡಿತು. ಆಗ ನಮಗೆ ಹೊಸ ತೊಡಕು ಕಂಡಿತು. ಹೆಸರನ್ನು ಮಗುವಿಗೆ ಹೇಳಿಕೊಡಬೇಕು, ಅಲ್ಲಿದ್ದವರೆಲ್ಲ ಸೊಸೆಯರು. ಅತ್ತೆಯೂ ಆ ಮನೆಗೆ ಸೊಸೆಯಾಗಿಯೇ ಬಂದವಳು. ಇಷ್ಟೂ ಬಾಯಿಗಳಲ್ಲಿ ಆ ಹೆಸರಿತ್ತು, ಒಂದರಿಂದಲೂ ಹೊರಗೆ ಬರುವಂತಿರಲಿಲ್ಲ.

ಸೇತುವೆಯ ಆ ಕಡೆ, ರಸ್ತೆ ಕೆಲಸದ ರೋಲರ್ ಓಡಿಸುವವರ ಟೆಂಟು ಇತ್ತು. ಸವದತ್ತಿಯ ಸಾಬರು. ಅವರ ಮಗಳು ಹಸೀನಾ ಸಾಲಿ ರಜೆಗೆ ತಂದೆಯ ಹತ್ತಿರ ಬಂದವಳು, ನಮ್ಮ ಗದ್ದಲ ನೋಡಲು ದಂಡೆಗೆ ಬಂದು ನಿಂತಿದ್ದಳು. ನಾನು ಆಕೆಯನ್ನು, ಕನ್ನಡ ಓದಾಕ ಬರತೈತೇನವಾ ಎಂದು ಕೇಳಿದೆ. ನಾಲ್ಕನೇತ್ತಾ ಅದೀನ್ರಿ ಎಂದು ಆಕೆ ಸ್ವಲ್ಪ ಅವಮಾನವಾದವಳಂತೆ ಹೇಳಿದಳು.

ನಾನು ಹಸಿ ಉಸುಕಿನ ಮೇಲೆ ಕೂತೆ. ಬೆರಳು ಇಟ್ಟೆ. ಹೆಸರು ಹೇಳಬಾರದೆಂದು ಹಿರಿಯರು ಹೇಳಿದ್ದರು, ಬರೆಯಬಾರದೆಂದು ಹೇಳುವ ಪ್ರಸಂಗ ಅವರಿಗೆ ಬಂದಿರಲಿಲ್ಲ. ಮೂರೇ ಅಕ್ಷರ, ಎರಡಕ್ಕೆ ಒತ್ತು. ಎಷ್ಟೋ ವರ್ಷಗಳ ಮೇಲೆ ನಾನು ಬರೆದ ಮೊದಲ ಮಾತು ಅದು. ಹಸೀನಾ ಬಗ್ಗಿ, ಒಂದೊಂದೇ ಅಕ್ಷರ ಕೂಡಿಸಿ, ಕ್ಲಾಸಿನಲ್ಲಿ ಓದುವ ರಾಗದಲ್ಲಿ ಗಟ್ಟಿಯಾಗಿ ಓದಿದಳು. ಮಂಜಿ ಆಕೆಯ ಬಾಯಿ ನೋಡಿ ತೊದಲುತ್ತ ಅದನ್ನೇ ಹೇಳಿದಳು. ಮತ್ತೊಮ್ಮೆ ಹಸೀನಾ, ಮತ್ತೊಮ್ಮೆ ಮಂಜಿ. ಆಮೇಲೆ ಮಗು ತಾನೇ ನೀರಿನ ಕಡೆ ತಿರುಗಿ ಒಂದೇ ಸಮನೆ ಕರೆಯತೊಡಗಿತು. ಅದರ ಪುಟ್ಟ ಬೊಗಸೆಯಲ್ಲಿ ನಾನೇ ನೀರು ತುಂಬಿಸಲು ಹೋಗಿ, ನೆನಪಾಗಿ ಕೈ ಹಿಂದೆಳೆದುಕೊಂಡೆ. ಅದು ತಾನೇ ಮೊಗೆದು ಬಿಟ್ಟಿತು. ಕೊಡಗಳು ಮುಳುಗಿದವು. ಅತ್ತೆ ಅಳುತ್ತಿದ್ದಳು. ನೀರು ಇಷ್ಟಿಷ್ಟೇ ಏರಿ ಉಸುಕಿನ ಮೇಲಿನ ಅಕ್ಷರಗಳನ್ನೂ ತೆಗೆದುಕೊಂಡು ಹೋಯಿತು.

ಕಥೆಯಾಗಿದ್ದರೆ ಇಲ್ಲಿಗೆ ಮುಗಿಸಬಹುದಿತ್ತು. ಆ ದಿನ ಸಂಜೆಯ ಬಸ್ಸಿಗೆ ಅಕ್ಕ ಬಂದಳು. ತಮ್ಮನ ಮಾತಿಗೆ ಕರಗಿ, ಅಂಗಡಿ ಬಿಟ್ಟು, ಹಾದಿಯುದ್ದಕ್ಕೂ ಪಾಪ ನೀರಿಲ್ಲದೆ ಕೂತಿರತಾರ ಎಂದು ಹಲುಬುತ್ತ ಬಂದಿದ್ದಳಂತೆ. ಸೇತುವೆಯ ಹತ್ತಿರ ಇಳಿದವಳಿಗೆ ಮೊದಲು ಕಂಡದ್ದು ತುಂಬಿದ ಕೊಡ ಹೊತ್ತು ಏರುತ್ತಿದ್ದ ನಾನು. ಯಾರೋ ನಡೆದದ್ದನ್ನು ಸಂಭ್ರಮದಿಂದ ಹೇಳಿದರು. ಅಕ್ಕ ಮಂಜಿಯನ್ನು ಎತ್ತಿಕೊಂಡು, ಹೆಂಗ ಕರದಿ ಹೇಳು ಎಂದಳು. ಮಗು ಹೇಳಿತು. ಅಕ್ಕ ನಕ್ಕಳು, ಮಗುವನ್ನು ಇಳಿಸಿದಳು, ಆ ದುಂಡು ಅಕ್ಷರಗಳ ಪಕ್ಕದಲ್ಲೇ ಕಟ್ಟೆಯ ಮೇಲೆ ಕೂತಳು.

“ಇನ್ನ ನಾ ಬರದಿದ್ರೂ ನಡೀತೈತಿ ಬಿಡ್ರಿ,” ಎಂದಳು.

ನನ್ನ ತಲೆಯ ಮೇಲಿನ ಕೊಡ ಆಗ ಎಷ್ಟು ಭಾರವಾಯಿತೆಂದು ಹೇಗೆ ಹೇಳಲಿ? ನಾವು ನೀರಿನ ಚಿಂತೆ ಮಾಡಿದ್ದೆವು. ಆಕೆಗೆ ವರ್ಷಕ್ಕೊಮ್ಮೆ ತವರಿಗೆ ಬರಲು ಇದ್ದದ್ದು ಆ ಒಂದೇ ಕೂಗು. ಇನ್ನು ಮುಂದೆ ಉಗರಗೋಳದ ಅತ್ತೆ, ಅಲ್ಲೇ ಸಣ್ಣ ಹುಡುಗಿ ಐತಲ್ಲ, ನೀ ಯಾಕ ಹೋಗತಿ ಎಂದರೆ ಆಕೆ ಏನು ಹೇಳಬೇಕು? ಹೋಗಿ ಬಂದವಳಿಗೇ ಕರೆಯುವುದು ತಿಳಿಯುತ್ತದೆಂದು ನಮ್ಮತ್ತೆ ಹೇಳಿದ್ದು ಆ ಕಟ್ಟೆಯ ಮುಂದೆ ನನಗೆ ಅರ್ಥವಾಯಿತು. ನನಗೂ ಕಿತ್ತೂರು ಕಂಡು ಬಹಳ ದಿನವಾಗಿತ್ತು.

ಕೊಡ ಇಳಿಸಿದೆ. ಇಳಿಸಿದವಳು ಅದರ ನೀರನ್ನೆಲ್ಲ ಅಲ್ಲೇ ರಸ್ತೆಗೆ ಸುರಿದೆ. ಇವರು ನನಗೆ ಹುಚ್ಚು ಹಿಡಿಯಿತೋ ಎಂಬಂತೆ ನೋಡುತ್ತಿದ್ದರು.

“ಅಕ್ಕಾರ, ಕೂಸು ತೊದಲಿ ಕರದೈತ್ರಿ. ದೊಡ್ಡಾಕಿ ಅರ್ಧಾ ಹಾದಿಗೆ ಬಂದು ನಿಂತಾಳ. ನೀವು ಇಳದು ಕರದ್ರ ಪೂರಾ ಬರತಾಳ.”

ಅಕ್ಕ ನನ್ನ ಮುಖ ನೋಡಿದಳು. ಹೊಳೆ ಕಣ್ಣೆದುರಿಗೇ ದಂಡೆಯಿಂದ ದಂಡೆಗೆ ತುಂಬಿ ಹರಿಯುತ್ತಿತ್ತು. ಆಕೆ ಅದನ್ನೂ ನೋಡಿದಳು. ಚಪ್ಪಲಿ ಬಿಟ್ಟು, ಸೀರೆ ಎತ್ತಿ ಕಟ್ಟಿ, ನೀರಿಗಿಳಿದು ಕರೆದಳು. ಅಂಥ ಕೂಗನ್ನು ನಾನು ಮತ್ತೆ ಕೇಳಲಿಲ್ಲ. ಅಂದಿನಿಂದ ನಮ್ಮ ಹೊಳೆಯನ್ನು ಪ್ರತಿ ವರ್ಷ ಎರಡು ಸಲ ಕರೆಯುವ ಪದ್ಧತಿಯಾಯಿತು, ಮೊದಲು ಸಣ್ಣ ಮಗಳು, ಆಮೇಲೆ ದೊಡ್ಡ ಮಗಳು. ಅದೇ ಹಿಂದಿನಿಂದ ಬಂದ ಪದ್ಧತಿಯೆಂದು ಓಣಿಯ ಈಗಿನ ಸೊಸೆಯರು ನಂಬಿದ್ದಾರೆ. ನಾನು ತಿದ್ದಲು ಹೋಗಿಲ್ಲ.

ಅಕ್ಕ ತೀರಿಹೋಗಿ ಬಹಳ ವರ್ಷವಾಯಿತು. ಕಟ್ಟೆಯ ಅಕ್ಷರಗಳಿಗೆ ಎಷ್ಟೋ ಸಲ ಹೊಸ ಬಣ್ಣ ಬಂತು, ಪ್ರತಿ ಸಲವೂ ಹಳೆಯದರ ಮೇಲೆಯೇ ಎಳೆದರು. ಓಣಿಗೆ ನಳ ಬಂದಿದೆ. ಮಂಜಿ ಮೊದಲೆಲ್ಲ ರಜೆ ಹಾಕಿ ಹೋಗುತ್ತಿದ್ದಳು. ಆಮೇಲೆ ಮಕ್ಕಳ ಪರೀಕ್ಷೆ, ಆಮೇಲೆ ಆಫೀಸು, ಹೋದ ವರ್ಷ ಸುಮ್ಮನೆ ದಣಿವು. ನಾನು ಬೈಯಲಿಲ್ಲ. ದಣಿವು ಎಂದರೇನೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ನಾನೋ, ಇಷ್ಟು ವರ್ಷವೂ ಲೋಟದಿಂದ ಒಂದು ಗುಟುಕು ಬಿಟ್ಟು, ಬಾಯಿ ಮುಚ್ಚಿಕೊಂಡೇ ಕುಡಿದವಳು.

ಇವತ್ತು ಮುಂಜಾನೆ ಊರಿನಿಂದ ಫೋನು ಬಂತು. ಗುಡ್ಡದ ಮೇಲೆ ಮಳೆಯಾಗಿ ಹೊಳೆ ಬಂದಿದೆಯಂತೆ. ಕೊಡ ಹಿಡಿದು ಕಾಯುವವರು ಈಗ ಯಾರೂ ಇಲ್ಲ. ಅದಕ್ಕೇ ಇದನ್ನು ಬರೆಯಲು ಕೂತೆ. ಸಂಜೆ ಮಂಜಿ ಬಂದು ಚಹಾ ಕುಡಿಯುವ ಟೇಬಲ್ಲಿನ ಮೇಲೆ ಈ ಹಾಳೆಗಳನ್ನು ಇಡುತ್ತೇನೆ. ಕೈಗೆ ಸಿಕ್ಕ ಕಾಗದವನ್ನು ಬಾಯಿಬಿಟ್ಟು ಓದುವುದು ಅವಳಿಗೆ ಸಾಲಿಯಿಂದ ಬಂದ ಚಟ. ಎಲ್ಲಿಯಾದರೂ ತೊಡರಿದರೆ, ಇದನ್ನು ಓದುತ್ತಿರುವ ನೀವು ಆ ಹಸೀನಾಳ ಹಾಗೆ, ಒಂದು ಸಲ ಗಟ್ಟಿಯಾಗಿ ಓದಿ ಅವಳಿಗೆ ಕೇಳಿಸಿರಿ. ನಾನು ಗೋಣಿತಟ್ಟಿನ ಮೇಲೆ ಕಾಲಿಟ್ಟು, ಕೈಯಲ್ಲಿ ಲೋಟ ಹಿಡಿದು ಕೂತಿರುತ್ತೇನೆ. ಹೊಳೆಯ ಆ ಮೂರಕ್ಷರ ನನ್ನ ಬಾಯಿಂದ ಬರುವಂತಿಲ್ಲ, ಕೈಯಿಂದ ಬರೆಯುತ್ತಿದ್ದೇನೆ.

ಜಕ್ಕವ್ವ.